ಗೋಡೆಗೊರಗಿಸಿದ ಹೊಸ್ತಿಲು

ಚಿಂತಾಮಣಿಯ ಆ ವಠಾರದಲ್ಲಿ ನಾಲ್ಕು ಮನೆಗಳಿದ್ದವು ಎಂಬುದು ನನ್ನ ನೆನಪು. ಅಮ್ಮ ಐದು ಎನ್ನುತ್ತಿದ್ದಳು. ಬಿ.ಎ. ಮುಗಿಸಿ ಹೈಸ್ಕೂಲಿನಲ್ಲಿ ಮೇಷ್ಟರಾಗಿ ಸೇರಿದ್ದ ನಾನು ಅಮ್ಮನೊಂದಿಗೆ ಕೊನೆಯ ಮನೆಯಲ್ಲಿ ಬಾಡಿಗೆಗಿದ್ದೆ. ಪಕ್ಕದಲ್ಲಿ ಸರ್ಕಾರಿ ಆಸ್ಪತ್ರೆಯ ಕಾಂಪೌಂಡರು ಮತ್ತು ಅವರ ಹೆಂಡತಿ. ಅರವತ್ತರ ದಶಕದ ಮೊದಲ ವರ್ಷಗಳು.

ಹೆಂಚು ತೆಗೆದು ತಾರಸಿ ಹಾಕಿಸುವುದಾಗಿ ಮನೆ ಮಾಲೀಕರು ಹೇಳಿದರು. ಮೃದು ಮಾತಿನವರು. "ಧೂಳಲ್ಲಿ ಯಾಕ್ ಕಷ್ಟ ಪಡ್ತೀರಮ್ಮ? ಹದಿನೈದು ದಿನ ಎಲ್ಲಾದ್ರೂ ಇದ್ ಬನ್ನಿ. ಮನೆ ಎಲ್ಲಿಗೂ ಹೋಗಲ್ಲ."

ಕಾಂಪೌಂಡರ ಹೆಂಡತಿ ಬಾಣಂತನಕ್ಕೆಂದು ಕೆಂಚಾರ್ಲಹಳ್ಳಿಯ ತವರಿನಲ್ಲಿದ್ದರು. ಕಾಂಪೌಂಡರು ನಮ್ಮ ಬಾಗಿಲಿಗೆ ಬಂದು, "ಮೇಷ್ಟ್ರೇ, ನೀವು ಓದಿದೋರು. ಮಾಲೀಕರಿಗೆ ಬೀಗದ ಕೈ ಕೊಡ್ಲಾ?" ಎಂದರು. ಕೋರ್ಟಿನ ಹುಕುಂ ಇಲ್ಲದೆ ಬಾಡಿಗೆಯವರನ್ನು ಎಬ್ಬಿಸುವಂತಿಲ್ಲ ಎಂದು ನನಗೆ ಗೊತ್ತಿತ್ತು. "ವಾಪಸ್ ಕೊಡ್ತೀನಿ ಅಂತ ಕಾಗದ ಬರೆಸ್ಕೊಂಡು ಕೊಡಿ" ಎಂದೆ. ಅಥವಾ ಹಾಗೆಂದೆನೆಂದು ನಂಬಿದ್ದೇನೆ. ಅಮ್ಮನ ಪ್ರಕಾರ ನಾನು ಪೇಪರಿನಿಂದ ತಲೆಯೆತ್ತದೆ, "ಕೊಡಿ, ಏನಾಗುತ್ತೆ" ಎಂದೆನಂತೆ. ಕಾಗದದ ಮಾತೇ ಬರಲಿಲ್ಲವಂತೆ.

ಕಾಂಪೌಂಡರು ಬೀಗದ ಕೈ ಕೊಟ್ಟು ಆಸ್ಪತ್ರೆಯಲ್ಲೇ ಮಲಗತೊಡಗಿದರು. ಮೊದಲು ಅವರ ಮನೆಯ ಹೆಂಚು ಇಳಿಯಿತು. ಆಮೇಲೆ ಬಾಗಿಲು. ಆಮೇಲೆ ಗಾರೆಯವರು ಹೊಸ್ತಿಲನ್ನೇ ಹಾರೆಯಿಂದ ಮೀಟಿ ತೆಗೆದು ನಮ್ಮ ಗೋಡೆಗೆ ಒರಗಿಸಿದರು. ಕಾಂಪೌಂಡರ ಹೆಂಡತಿ ಹಚ್ಚುತ್ತಿದ್ದ ಅರಿಶಿನ ಅದರ ಮೇಲೆ ಹಾಗೇ ಇತ್ತು. ವಾರದೊಳಗೆ ಬಾಗಿಲಿದ್ದ ಜಾಗ ಇಟ್ಟಿಗೆಯಿಂದ ಮುಚ್ಚಿಹೋಯಿತು. ಬೀದಿಯ ಕಡೆಯಿಂದ ಹೊಸ ಬಾಗಿಲು ತೆರೆದು ಮಂಡಿಯವರಿಗೆ ಗೋದಾಮು ಮಾಡುತ್ತಿದ್ದರು. ಕಾಂಪೌಂಡರು ಮಾಲೀಕರ ಮನೆಗೆ ಎರಡು ಸಲ ಹೋಗಿ ಬಂದರು. ಹೆಂಡತಿಗೆ ಏನೂ ಬರೆಯಲಿಲ್ಲ.

ನಾನೂ ಹೋದೆ. ಕಾನೂನಿನ ಮಾತೆತ್ತಿದೆ.

"ನಾನ್ಯಾರನ್ನಪ್ಪ ಎಬ್ಬಿಸ್ದೆ?" ಮಾಲೀಕರು ನಗುತ್ತಲೇ ಕೇಳಿದರು. "ಅವರೇ ಹೋದ್ರು, ಅವರೇ ಬೀಗದ ಕೈ ಕೊಟ್ರು. ಸೋಮವಾರ ನಿಮ್ ಹೆಂಚು ಬಿಚ್ತಾರೆ. ಅಮ್ಮಾವ್ರನ್ನ ನೆಂಟರ ಮನೆಗೆ ಕಳ್ಸಿ."

ಅಮ್ಮ ಹೋಗಲಿಲ್ಲ. "ಹೆಂಚು ಬೇಕಾದ್ರೆ ತಕ್ಕೊಂಡೋಗ್ಲಿ. ಒಲೆ ಉರೀತಿರೋ ಮನೆ ಬಾಗ್ಲು ಅದ್ಯಾರ್ ಕೀಳ್ತಾರೋ ನೋಡ್ತೀನಿ. ನಿನ್ ಕಾನೂನು ಓದ್ಕೊಂಡು ಹೊಸ್ತಿಲ್ ಮೇಲ್ ಕೂತ್ಕೊ ಕಣೋ."

ಹೊಸ್ತಿಲ ಮೇಲೆ ಕೂತರೆ ದರಿದ್ರ ಎಂದು ಹುಟ್ಟಿದಾಗಿನಿಂದ ಗದರಿಸಿದವಳು ಅವಳೇ.

ಸೋಮವಾರ ನಮ್ಮ ಹೆಂಚು ಇಳಿಯಿತು. ಅಮ್ಮ ಬರಿಯ ಆಕಾಶದ ಕೆಳಗೆ ಮುದ್ದೆ ತೊಳಸಿದಳು. ಸಾರಿನಲ್ಲಿ ಸುಣ್ಣದ ಪುಡಿ ಬಾಯಿಗೆ ಸಿಗುತ್ತಿತ್ತು. ನಾನು ಸ್ಕೂಲಿಗೆ ಹೋದಾಗ ಅವಳು, ಅವಳು ನೀರಿಗೆ ಹೋದಾಗ ನಾನು ಹೊಸ್ತಿಲ ಮೇಲೆ. ಅಂಗಳದಲ್ಲಿ ಗಾರೆಯವನು ಹಾರೆ ಊರಿ ಬೀಡಿ ಸೇದುತ್ತಿದ್ದ. ಅವನಿಗೆ ಅವಸರವಿರಲಿಲ್ಲ.

ಅಮ್ಮ ನೀರಿಗೆ ಹೋಗಿದ್ದ ಅಂಥ ಒಂದು ಬೆಳಿಗ್ಗೆಯೇ ಕಾಂಪೌಂಡರ ಹೆಂಡತಿ ಕೂಸನ್ನೆತ್ತಿಕೊಂಡು ಬಂದದ್ದು. ಇಟ್ಟಿಗೆ ಗೋಡೆ ನೋಡಿದರು. ಒರಗಿಸಿದ್ದ ಹೊಸ್ತಿಲು ನೋಡಿದರು. "ಮೇಷ್ಟ್ರೇ, ಮಗು ಬಿಸಿಲಲ್ಲಿದೆ. ಸ್ವಲ್ಪ ಎತ್ಕೊಳ್ತೀರಾ? ಇವರನ್ನ ಆಸ್ಪತ್ರೆಯಿಂದ ಕರ್ಕೊಂಡ್ ಬರ್ತೀನಿ" ಎಂದರು.

ಗಾರೆಯವನು ಬೀಡಿ ಎಸೆದು, ಹಾರೆ ಎತ್ತಿಕೊಂಡು ನನ್ನತ್ತ ನೋಡಿದ. ನಾನು ಏಳಲಿಲ್ಲ, ಕೈಯನ್ನೂ ಚಾಚಲಿಲ್ಲ. ಈ ನೆನಪನ್ನು ತಿದ್ದುವುದಕ್ಕೆ ಅಮ್ಮ ಅಲ್ಲಿರಲಿಲ್ಲ.