ಮೋಟರ್ ಮೇಲೆ ಬಂದವೇ?

ಕಳೆದ ವರ್ಷ ಜುಲೈ ಕೊನೆಯ ಮಂಗಳವಾರ ಬೆಳಿಗ್ಗೆ, ದಿಗ್ಗೇವಾಡಿಯಿಂದ ಹಾಲಿನ ಕ್ಯಾನ್ ಹೊತ್ತು ಹೊರಟ ಗಾಡಿ ಹಳ್ಳದ ಸೇತುವೆಯ ಬಳಿ ನಿಂತುಹೋಯಿತು. ಸೇತುವೆಯ ಮೇಲೆ ಮೊಣಕಾಲುದ್ದ ನೀರಿತ್ತು. ಸುತ್ತು ಹಾಕಿ ಚಿಕ್ಕೋಡಿಯ ಶೀತಲೀಕರಣ ಘಟಕಕ್ಕೆ ಬರುವಷ್ಟರಲ್ಲಿ ಹಾಲು ಕೆಟ್ಟಿತ್ತು.

ಆ ಗಾಡಿಗೆ ದಾರಿ ಹಾಕಿಕೊಟ್ಟವನು ನಾನು. ಹಾಲಿನ ಕಂಪನಿಯೊಂದರಲ್ಲಿ ಗಾಡಿಗಳ ಓಡಾಟ ನೋಡಿಕೊಳ್ಳುವುದು ನನ್ನ ಕೆಲಸ. ಯಾವ ಗಾಡಿ ಎಷ್ಟು ಹೊತ್ತಿಗೆ ಯಾವ ದಾರಿಯಲ್ಲಿ ಹೋಗಬೇಕೆಂದು ಸಾಫ್ಟ್‌ವೇರ್ ಹೇಳುತ್ತದೆ, ನಾನು ಒಪ್ಪಿಗೆ ಒತ್ತುತ್ತೇನೆ. ಆ ದಿನ ಪರದೆಯ ಮೇಲೆ ಸೇತುವೆಯ ದಾರಿ ಹಸಿರಾಗಿತ್ತು. ಮಳೆಯ ನಕ್ಷೆಯಲ್ಲಿ ನಮ್ಮ ಕಡೆ ಒಂದು ಹನಿಯೂ ಇರಲಿಲ್ಲ. ನಿಜಕ್ಕೂ ಬಿಸಿಲಿತ್ತು. ಮಳೆಯಾದದ್ದು ಮೇಲೆ, ಮಹಾರಾಷ್ಟ್ರದಲ್ಲಿ. ಕೃಷ್ಣೆ ಏರಿದರೆ ಹಳ್ಳದ ನೀರು ಹಿಂದಕ್ಕೆ ಒತ್ತಿ ಬಂದು ಸೇತುವೆ ಮುಳುಗುತ್ತದೆ.

ಆ ಊರಿನ ಹಾಲು ಕೆಟ್ಟದ್ದು ಅದು ಎರಡನೆಯ ಸಲ. ಒಂದೇ ಮಳೆಗಾಲದಲ್ಲಿ ಮೂರು ಸಲ ಕೆಟ್ಟರೆ ಸಂಗ್ರಹ ಕೇಂದ್ರ ಮುಚ್ಚಬೇಕೆಂಬುದು ಕಂಪನಿಯ ನಿಯಮ.

ಮರುದಿನ ನಾನೇ ಗಾಡಿ ಹತ್ತಿ ಹೋದೆ. ಕೇಂದ್ರ ನಡೆಸುವಾಕೆ ಮನೆಮನೆ ತಿರುಗಿ ಹೆಣ್ಣುಮಕ್ಕಳನ್ನು ಸೇರಿಸಿ ಅದನ್ನು ಕಟ್ಟಿದವಳು. ಕ್ಯಾನ್ ತೊಳೆಯುತ್ತಿದ್ದಳು.

"ಬರ್ರಿ ಸಾಹೇಬ್ರ. ಹಾಲು ಕೆಡಸಾವ್ರೂ ನೀವ, ಬಾಗಲಾ ಹಾಕಾವ್ರೂ ನೀವ."

"ಸೇತುವಿ ಮುಳಗತೈತಿ ಅಂತ ಯಾರಿಗೆ ಗೊತ್ತಿತ್ರಿ?" ಎಂದೆ.

"ಊರಿಗೆಲ್ಲಾ ಗೊತ್ತಿತ್ತು. ಸೋಮವಾರ ಮುಂಜಾನೇನ ಎಲ್ಲಾರೂ ಮೋಟರ್ ಮ್ಯಾಲೆ ತಂದಿದ್ರಲ್ರಿ."

ಮೋಟರ್ ಎಂದರೆ ನೀರೆತ್ತುವ ಪಂಪ್; ಹೊಳೆ ದಂಡೆಯ ರೈತರ ಪಂಪ್‌ಗಳು ನೀರಿನ ಅಂಚಿನಲ್ಲಿರುತ್ತವೆ. ಮೇಲಿನ ಊರುಗಳ ಬೀಗರಿಂದ ಫೋನ್ ಬಂದ ಕೂಡಲೇ ಟ್ರ್ಯಾಕ್ಟರ್‌ಗೆ ಕಟ್ಟಿ ಅವನ್ನು ದಿಬ್ಬಕ್ಕೆ ಎಳೆಯುತ್ತಾರೆ. ಅದಾದ ಮರುದಿನ ಸೇತುವೆ ಮುಳುಗುತ್ತದೆ.

"ಮತ್ತ ಒಂದ ಫೋನ್ ಮಾಡಬಾರ್ದಾಗಿತ್ತೇನ್ರಿ?"

"ಅಯ್ಯ, ಅದನ್ನೂ ಹೇಳಬೇಕೇನ್ರಿ? ಮೋಟರ್ ಮ್ಯಾಲೆ ಬಂದಾವ ಅಂದ್ರ ಕೂಸಿಗೂ ತಿಳೀತೈತಿ."

ನನ್ನನ್ನು ಕರೆತಂದಿದ್ದ ಗಾಡಿಯ ಚಾಲಕ, ನಿಪ್ಪಾಣಿ ಕಡೆಯವನು, ನಕ್ಕ. "ಕೂಸಿಗೆ ತಿಳೀತೈತಿ ಅಕ್ಕಾ, ಕಂಪ್ಯೂಟರಿಗೆ ತಿಳಿಯಾಂಗಿಲ್ಲ. ಅದು ಹೊಳಿ ನೋಡೇ ಇಲ್ಲ."

ಸಾಫ್ಟ್‌ವೇರಿನಲ್ಲಿ ಪ್ರತಿ ಊರಿನ ಮುಂದೆ ಷರಾ ಬರೆಯಲು ಖಾಲಿ ಕಾಲಮ್ ಒಂದಿದೆ. ದಿಗ್ಗೇವಾಡಿಯ ಮುಂದೆ "ಮೋಟರ್ ಮೇಲೆ ಬಂದವೇ?" ಎಂದು ಬರೆದೆ. ದಿನವೂ ಫೋನ್ ಮಾಡಲು ಆಕೆ ಒಪ್ಪಿದಳು. ನಮ್ಮ ಮ್ಯಾನೇಜರ್ ಅದನ್ನು ನೋಡಿ, "ಮೋಟರ್ ಕೇಳಿ ಗಾಡಿ ಓಡಸ್ತೀಯೇನಲೇ?" ಎಂದರು. ಅಳಿಸಲಿಲ್ಲ.

ಆಗಸ್ಟ್‌ನ ಒಂದು ಮಧ್ಯಾಹ್ನ ಆಕೆಯ ಫೋನ್ ಬಂತು. "ಸಾಹೇಬ್ರ, ಮೋಟರ್ ಮ್ಯಾಲೆ ಬರಾಕತ್ತಾವ. ನಿಮ್ಮ ಕಂಪ್ಯೂಟರ್ ಏನಂತೈತಿ?"

"ಹಸಿರು ಅಂತೈತ್ರಿ."

"ಅನ್ಲಿ ಬಿಡ್ರಿ. ನೀವು ರಾಯಬಾಗದ ಮ್ಯಾಲಿಂದ ಗಾಡಿ ಹೊಡಸ್ರಿ."

ರಾಯಬಾಗದ ದಾರಿ ದೂರ. ಕರೆದ ಹಾಲು ಅಷ್ಟು ಹೊತ್ತು ತಡೆಯಬೇಕಾದರೆ ಗಾಡಿ ಬೇಗ ಹೊರಡಬೇಕು, ಎಮ್ಮೆಗಳನ್ನು ತಂಪು ಹೊತ್ತಿನಲ್ಲಿ, ಒಂದು ತಾಸು ಮೊದಲೇ ಕರೆಯಬೇಕು. ಸಂಜೆ ಆಕೆ ಮನೆಮನೆಗೆ ಹೋಗಿ ಹೇಳಿ ಬಂದಳು. ನಾನು ಪರದೆಯ ದಾರಿ ಅಳಿಸಿ ಕೈಯಿಂದಲೇ ಬೇರೆ ದಾರಿ ಹಾಕಿದೆ.

ಮರುದಿನ ಬೆಳಕು ಹರಿಯುವಾಗ ಕ್ಯಾನ್‌ಗಳೆಲ್ಲ ಗಾಡಿಯಲ್ಲಿದ್ದವು. ಗಾಡಿ ರಾಯಬಾಗ ದಾಟುವ ಹೊತ್ತಿಗೆ ಆಕೆ ಸೇತುವೆಯ ಫೋಟೊ ಕಳಿಸಿದಳು. ಅಂಚಿನ ತಡೆಗಲ್ಲುಗಳೂ ಕಾಣುತ್ತಿರಲಿಲ್ಲ. ನನ್ನ ಪರದೆ ಇನ್ನೂ ಹಸಿರಾಗಿತ್ತು. ಮ್ಯಾನೇಜರರಿಗೆ ಎರಡನ್ನೂ ತೋರಿಸಿದೆ. ಅವರು ಫೋಟೊವನ್ನು ದೊಡ್ಡದು ಮಾಡಿ ನೋಡಿದರು.

ಘಟಕದಲ್ಲಿ ಪ್ರತಿ ಕ್ಯಾನ್‌ನ ಹಾಲನ್ನೂ ಒಂದಿಷ್ಟು ಕುದಿಸಿ ನೋಡುತ್ತಾರೆ, ಕೆಟ್ಟಿದ್ದರೆ ಒಡೆಯುತ್ತದೆ. ಒಂದೂ ಒಡೆಯಲಿಲ್ಲ. ಫೋನ್ ಮಾಡಿ ಹೇಳಿದಾಗ ಆ ಕಡೆ ಹೆಂಗಸರ ಕೂಗು ಎದ್ದಿತು. ನಡುವೆ ಆಕೆಯ ದನಿ ಕೇಳಿತು: "ಒಡ್ಯಾಂಗಿಲ್ಲ ಅಂತ ನಿನ್ನೇನ ಹೇಳಿದ್ನೆಲ್ಲ!"

ಹೊಳೆ ಇಳಿಯುವವರೆಗೆ ಗಾಡಿ ರಾಯಬಾಗದ ಮೇಲಿಂದಲೇ ಓಡಿತು. ಮೂರನೆಯ ಸಲ ಹಾಲು ಕೆಡಲಿಲ್ಲ. ಮಳೆಗಾಲ ಮುಗಿದ ಮೇಲೆ ಮ್ಯಾನೇಜರ್ ಅದೇ ಪ್ರಶ್ನೆಯನ್ನು ಅಂಕಲಿಯ ಮುಂದೆಯೂ, ಕಾಗವಾಡ ತಾಲೂಕಿನ ಹೊಳೆದಂಡೆಯ ಊರುಗಳ ಮುಂದೆಯೂ ಬರೆಸಿದರು.

ಇಂದು ಬೆಳಿಗ್ಗೆ ದಿಗ್ಗೇವಾಡಿಯ ಕಾಲಮ್‌ನಲ್ಲಿ ದಾಖಲಾದದ್ದು: ಮೋಟರ್ ಕೆಳಗಿವೆ. ಗಾಡಿ ಸೇತುವೆ ಮೇಲಿಂದ ಬಂತು.