ಅರ್ಧ ಮಿಲಿಮೀಟರಿನ ಬಿಳಿ ಗೆರೆ

ಆಲೊಯಿಸ್ ಕುಬೀಚೆಕ್ ಮೂವತ್ತೆಂಟು ವರ್ಷ ನಮ್ಮ ಪ್ರೊಸ್ತೆಯೋವ್ ಊರಿನ ಜನಕ್ಕೆ ಕಟ್ಟುಹಲ್ಲು ಮಾಡಿಕೊಟ್ಟ. ಹಲ್ಲಿನ ಡಾಕ್ಟರಲ್ಲ ಅವನು. ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು, ಇವನು ತನ್ನ ಕೋಣೆಯಲ್ಲಿ ಕೂತು ಅದಕ್ಕೆ ಸರಿಯಾದ ಹಲ್ಲುಗಳನ್ನು ಕೆತ್ತುತ್ತಿದ್ದ. ಊರಿನ ಅರ್ಧ ಜನ ಅವನು ಮಾಡಿದ ಹಲ್ಲು ಕಡಿದುಕೊಂಡೇ ಅವನನ್ನು ಬೈಯುತ್ತಿದ್ದರು. ಬೈಯಲು ಕಾರಣವಿತ್ತು. ಸಂತೆಯಲ್ಲಿ ಯಾರಾದರೂ ಎದುರಾಗಿ ನಮಸ್ಕಾರ ಎಂದರೆ ಇವನು ಮುಖ ನೋಡುತ್ತಿರಲಿಲ್ಲ, ನೇರ ಬಾಯಿ ನೋಡುತ್ತಿದ್ದ. "ಮೇಲಿಂದು ನಂದು. ಕೆಳಗಿಂದು ಯಾವ ಕಟುಕ ಮಾಡ್ದ?" ಎಂದು ಹೆಂಗಸರನ್ನೂ ಬಿಡದೆ ಕೇಳುತ್ತಿದ್ದ.

ನಿವೃತ್ತನಾದ ಮೇಲೆ ಆ ಕೈಗಳಿಗೆ ಕೆಲಸ ಬೇಕಾಯಿತು. ನಮ್ಮೂರಿನಲ್ಲಿ ಇಂಥ ಮುದುಕರಿಗೆ ಎರಡೇ ದಾರಿ: ತೋಟದಲ್ಲಿ ಟೊಮ್ಯಾಟೊ ಬೆಳೆಯುವುದು, ಇಲ್ಲವೆ ಪ್ಲಾಸ್ಟಿಕ್ ವಿಮಾನ ಅಂಟಿಸುವುದು. ಟೊಮ್ಯಾಟೊ ಅವನ ಹೆಂಡತಿ ದ್ರಾಹುಶೆಯ ವಶದಲ್ಲಿತ್ತು. ಹೀಗೆ ಲೋಯ್ಜಾ, ನಾವೆಲ್ಲ ಅವನನ್ನು ಕರೆಯುತ್ತಿದ್ದುದು ಹಾಗೆ, ನಮ್ಮ ಮಾಡೆಲ್ ಸಂಘಕ್ಕೆ ಬಂದ. ಪ್ರತಿ ಗುರುವಾರ ಬಿಯರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ನಾವು ಹದಿನೈದು ಜನ ಸೇರುತ್ತೇವೆ. ನಾನು ಟ್ಯಾಂಕ್ ಮಾಡುವವನು. ವಿಮಾನದವರು ಟ್ಯಾಂಕಿನವರನ್ನು ಮನುಷ್ಯರೆಂದು ಎಣಿಸುವುದಿಲ್ಲವಾದರೂ ಕಾರಿರುವವನು ನಾನೊಬ್ಬನೇ ಆದ್ದರಿಂದ ಮಾತಾಡಿಸುತ್ತಾರೆ.

ಲೋಯ್ಜಾನಿಗೆ ವಿಮಾನದ ರೆಕ್ಕೆ, ಬಾಲ, ಚಕ್ರ ಯಾವುದೂ ಬೇಕಿರಲಿಲ್ಲ. ಪೈಲಟ್ ಕೂರುವ ಕಾಕ್‌ಪಿಟ್ ಒಂದೇ ಬೇಕು. ಉಳಿದದ್ದೆಲ್ಲ ಅವನ ಪ್ರಕಾರ ಅದನ್ನು ಇಡುವ ಡಬ್ಬಿ. ಮೊದಲ ಬಾರಿ ಮಿಗ್-21 ವಿಮಾನದ ಕಿಟ್ ತಂದು ಬಿಚ್ಚಿದಾಗ, ಮಾಪಕಗಳ ಫಲಕದ ಬದಲು ಒಂದು ಸ್ಟಿಕರು ಸಿಕ್ಕಿತು. ಪೈಲಟ್‌ನ ಸೀಟು ಅಜ್ಜಿಯ ಆರಾಮಕುರ್ಚಿಯಂತಿತ್ತು. "ಇದ್ರಲ್ಲಿ ಕೂತು ಯುದ್ಧ ಮಾಡ್ತಾರಾ, ಸ್ವೆಟರ್ ಹೆಣೀತಾರಾ?" ಎಂದು ಅವನು ಎರಡನ್ನೂ ಕಸದ ಬುಟ್ಟಿಗೆ ಹಾಕಿದ.

ಆಮೇಲೆ ಒಂದೇ ಅಸಲಿ ವಿಮಾನದ ಮೂರು ಫೋಟೊ ಎದುರಿಗಿಟ್ಟುಕೊಂಡು ಏಳು ತಿಂಗಳು ಕೂತ. ಅಸಲಿ ವಿಮಾನದ ನಲವತ್ತೆಂಟರಲ್ಲಿ ಒಂದಂಶದ ಅಳತೆಯಲ್ಲಿ, ಅಂದರೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಜಾಗದಲ್ಲಿ, ಎಲ್ಲವನ್ನೂ ಹೊಸದಾಗಿ ಮಾಡಿದ. ಹಲ್ಲಿಗೆ ಬಳಸುವ ರಾಳದಲ್ಲಿ ಸೀಟು ಎರಕ ಹೊಯ್ದ. ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದಬತ್ತಿಗೆ ಹಿಡಿದು ಕೂದಲಿನಷ್ಟು ತೆಳ್ಳಗೆ ಎಳೆದು ಸ್ವಿಚ್ಚು ಕತ್ತರಿಸಿದ. ವೈನ್ ಬಾಟಲಿಯ ಕತ್ತಿನ ತಗಡಿನಿಂದ ಸೀಟಿನ ಬೆಲ್ಟು ಮಾಡಿದ. ಪ್ರತಿ ಮಾಪಕದ ಮೇಲೂ ಸೂಜಿಮೊನೆಯಿಂದ ಒಂದು ಹನಿ ವಾರ್ನಿಷ್ ಬಿಟ್ಟು ಗಾಜು ಮಾಡಿದ. ಬಣ್ಣ ಹೊಂದಿಸುವುದಕ್ಕೂ ಹಳೆಯ ಕಸುಬೇ ಒದಗಿತು. ಹಲ್ಲಿನ ಬಣ್ಣ ನೋಡಲು ಮಾದರಿ ಹಲ್ಲುಗಳ ಗೊಂಚಲು ಇರುತ್ತದಲ್ಲ, ಅಂಥದೇ ಇಪ್ಪತ್ತು ಬಗೆಯ ನೀಲಿಹಸಿರು ಬಿಲ್ಲೆಗಳ ಗೊಂಚಲು ಮಾಡಿಕೊಂಡ.

ದ್ರಾಹುಶೆ ಒಂದು ಸಲ ಅವನ ಭೂತಗನ್ನಡಿಯ ಮುಂದೆ ನಿಂತು ಹೇಳಿದಳು: "ನಲವತ್ತು ವರ್ಷದಲ್ಲಿ ನನ್ನ ಮುಖಾನ ಇಷ್ಟು ಹತ್ರದಿಂದ ನೋಡಿಲ್ಲ ನೀನು."

"ನಿನ್ನ ಫೋಟೊ ಎದುರಿಗಿಟ್ಟು ಹೊಂದಿಸೋ ಅಗತ್ಯ ಇಲ್ವಲ್ಲೇ. ಅಸಲೇ ಇದೆ," ಎಂದ ಲೋಯ್ಜಾ. ಅವಳು ಆ ದಿನ ಅವನಿಗೆ ಸೂಪು ಬಡಿಸಲಿಲ್ಲ.

ವಸಂತದ ಸ್ಪರ್ಧೆ ಬಂತು. ತೀರ್ಪುಗಾರರು ನಿವೃತ್ತ ಲೆಫ್ಟಿನೆಂಟ್ ಕರ್ನಲ್ ಒತಾಕರ್ ವ್ರಾನಾ. ವ್ರಾನಾ ಅಂದರೆ ನಮ್ಮ ಭಾಷೆಯಲ್ಲಿ ಕಾಗೆ, ಅವರ ಮೂಗೂ ಕೊಕ್ಕಿನಂಥದೇ. ಮಿಗ್-21 ಅನ್ನು ಹದಿನಾರು ವರ್ಷ ಹಾರಿಸಿದವರು. ಲೋಯ್ಜಾನ ಕಾಕ್‌ಪಿಟ್‌ಗೆ ಚಿಕ್ಕ ಟಾರ್ಚು ಬಿಟ್ಟು ಹತ್ತು ನಿಮಿಷ ಬಗ್ಗಿ ನೋಡಿದರು. ಕೊನೆಗೆ ನೆಟ್ಟಗೆ ನಿಂತು ಅವರು, "ಬಿಳಿ ಗೆರೆ ತಪ್ಪಿದೆ," ಎಂದರು.

ಆ ವಿಮಾನದ ಫಲಕದ ನಡುವೆ ಮೇಲಿಂದ ಕೆಳಗೆ ಒಂದು ಬಿಳಿ ಗೆರೆ ಇರುತ್ತದೆ. ವಿಮಾನ ಹಿಡಿತ ತಪ್ಪಿ ಬುಗುರಿಯಂತೆ ತಿರುಗುತ್ತ ಬೀಳತೊಡಗಿದರೆ ಪೈಲಟ್‌ಗೆ ಎಡಬಲ ತಿಳಿಯುವುದಿಲ್ಲ. ಆಗ ಅವನು ಚಾಲನೆಯ ಕೋಲನ್ನು ಆ ಗೆರೆಯ ನೇರಕ್ಕೆ ದೂಡಿ ಹಿಡಿಯಬೇಕು.

"ಗೆರೆ ಅರ್ಧ ಮಿಲಿಮೀಟರ್ ಎಡಕ್ಕಿದೆ," ಎಂದರು ವ್ರಾನಾ. "ಅಸಲಿಯಲ್ಲಿ ಅದು ಹತ್ರಹತ್ರ ಎರಡೂವರೆ ಸೆಂಟಿಮೀಟರ್. ನಿಮ್ಮ ಗೆರೆ ನಂಬಿದ್ರೆ ನಾನು ಇವತ್ತು ಇಲ್ಲಿ ನಿಂತು ಮಾರ್ಕು ಹಾಕ್ತಿರ್ಲಿಲ್ಲ."

"ಫೋಟೊದಲ್ಲಿ ಹಾಗೇ ಇದೆ ಕರ್ನಲ್ ಸಾಹೇಬ್ರೇ. ಒಂದಲ್ಲ, ಮೂರು ಫೋಟೊ."

"ಫೋಟೊ ತೆಗೆದವನು ಓರೆಯಾಗಿ ನಿಂತಿದ್ದ."

"ಮೂರು ಸಲಾನೂ?"

"ನಾನು ಅದರಲ್ಲಿ ಕೂತಿದ್ದೋನು ಕುಬೀಚೆಕ್‌ರೇ. ನೀವು ಕೂತಿದ್ದು ಹಲ್ಲಿನ ಮುಂದೆ."

ಲೋಯ್ಜಾನಿಗೆ ಮೂರನೇ ಸ್ಥಾನ. ಮೊದಲ ಬಹುಮಾನ ಒಬ್ಬ ಹಲ್ಲಿನ ಡಾಕ್ಟರಿಗೆ ಹೋಯಿತು. ಅವರ ವಿಮಾನದ ಗಾಜಿನ ಮುಚ್ಚಳ ಮುಚ್ಚಿತ್ತು, ಒಳಗೆ ಬರೀ ಕಪ್ಪು ಬಣ್ಣ. ಏನೂ ಇಲ್ಲದ ಕಡೆ ತಪ್ಪು ಹುಡುಕುವುದು ಹೇಗೆ?

ಅಂದಿನಿಂದ ಲೋಯ್ಜಾ ದಿನಾ ಸಂಜೆ ಆರಕ್ಕೆ ಕರ್ನಲ್‌ಗೆ ಫೋನ್ ಮಾಡಿ ಜಗಳ ಆಡತೊಡಗಿದ. ಕರ್ನಲ್ ಫೋನ್ ಎತ್ತದೆ ಇರಬಹುದಿತ್ತು, ಆದರೆ ಒಂದು ದಿನವೂ ತಪ್ಪಿಸದೆ ಎತ್ತಿದರು. ಹೆಂಡತಿ ತೀರಿಕೊಂಡ ಮೇಲೆ ಅವರ ಮನೆಗೆ ಬೇರೆ ಯಾರ ಫೋನೂ ಬರುತ್ತಿರಲಿಲ್ಲವೆಂದು ನನಗೆ ತಿಳಿದದ್ದು ಆಮೇಲೆ.

ಜೂನ್‌ನಲ್ಲಿ ಲೋಯ್ಜಾ ಯಾರದೋ ಮದುವೆಯ ಫೋಟೊ ಹಿಡಿದುಕೊಂಡು ನನ್ನ ಮನೆಗೆ ಓಡಿ ಬಂದ. ಮದುಮಗಳ ತಾಯಿಯ ಹಲ್ಲು ಇವನೇ ಮಾಡಿದ್ದು, ಅದು ಫೋಟೊದಲ್ಲಿ ಹೇಗೆ ಕಾಣುತ್ತದೆಂದು ತೋರಿಸಲು ಆಕೆ ಕೊಟ್ಟಿದ್ದರಂತೆ. ಇವನು ನೋಡಿದ್ದು ಅವರ ಹಿಂದೆ ಹುಲ್ಲಿನ ಮೇಲೆ ನಿಂತ ಒಂದು ಮಿಗ್. ಮೂಗಿನ ಮೇಲಿನ ಸಂಖ್ಯೆ ಅವನ ಮೂರೂ ಫೋಟೊಗಳ ಹಿಂದೆ ಬರೆದಿದ್ದ ಸಂಖ್ಯೆಯೇ.

"ಎವ್ಜೆನ್, ಕಾರು ತೆಗಿ."

"ಎಲ್ಲಿಗಯ್ಯಾ?"

"ದ್ರಹಾನಿ ಗುಡ್ಡದ ಕಡೆ, ಒಂದು ಹೋಟೆಲಿನ ಹಿತ್ತಲಿಗೆ. ಕಾಗೆಗೆ ತಿಥಿ ಮಾಡೋಕೆ."

ಹೋಟೆಲಿನ ಒಡತಿ ಮಿಲಾದಾ ಎಂಬ ಗಟ್ಟಿಗಿತ್ತಿ. ಸೈನ್ಯ ಹಳೆ ಸಾಮಾನು ಮಾರಿದಾಗ ಗಿರಾಕಿಗಳನ್ನು ಸೆಳೆಯಲೆಂದು ಆ ವಿಮಾನ ಕೊಂಡು ತಂದಿದ್ದಳಂತೆ. "ನೋಡ್ಕೊಳ್ಳಿ, ಮೊದ್ಲು ಊಟಕ್ಕೆ ಹೇಳಿ," ಎಂದಳು. ನಾನು ಕರಿದ ಚೀಸು, ಆಲೂಗಡ್ಡೆ ಹೇಳಿ ಕೂತೆ. ಲೋಯ್ಜಾ ಏಣಿ ಹತ್ತಿದ. ಅವನ ತೂಕ ಆಗ ನೂರಹನ್ನೊಂದು ಕಿಲೋ.

ಅವನು ಸುಮ್ಮನೆ ಸೀಟಿನಲ್ಲಿ ಕೂತು ಅಳತೆ ತೆಗೆದು ಬಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅಳತೆಯೇನೋ ತೆಗೆದ. ಆಮೇಲೆ ಆಸೆ ಹುಟ್ಟಿತು. ಫಲಕದ ಕೆಳಗೆ, ಕಾಲಿಡುವ ಗುಂಡಿಯಲ್ಲಿ, ಬಿಸಿಲು ತಾಗದ ಬಣ್ಣ ಹೇಗಿದೆಯೆಂದು ನೋಡಬೇಕೆನಿಸಿತು. ಹಲ್ಲು ನೋಡುವ ಕನ್ನಡಿ ಒಂದು ಕೈಯಲ್ಲಿ, ಬಣ್ಣದ ಗೊಂಚಲು ಇನ್ನೊಂದರಲ್ಲಿ ಹಿಡಿದು, ತಲೆ ಕೆಳಗೆ ಮಾಡಿ ಇಳಿದ. ಭುಜಗಳು ಪೆಡಲುಗಳ ನಡುವೆ ಹೊಕ್ಕವು. ಹೊರಗೆ ಬರಲಿಲ್ಲ.

ನಾನು ಹೊರಗೆ ಬಂದು ನೋಡಿದರೆ ವಿಮಾನದಿಂದ ಎರಡು ಕಾಲು ಆಕಾಶ ನೋಡುತ್ತಿದ್ದವು.

"ಎವ್ಜೆನ್," ಎಂದು ಪಾತಾಳದಿಂದ ದನಿ ಬಂತು. "ಹದಿನಾಲ್ಕನೇ ಬಿಲ್ಲೆ. ನಾನು ಬಳಿದಿದ್ದು ಹನ್ನೊಂದನೇದು."

"ಮೇಲೆ ಬಾ."

"ಬರೋಕಾಗ್ತಿಲ್ಲ. ಬರ್ಕೊ ಮೊದ್ಲು, ಹದಿನಾಲ್ಕು."

ಊರಿನ ಸ್ವಯಂಸೇವಕ ಅಗ್ನಿಶಾಮಕ ದಳ ಅದೇ ಹೋಟೆಲಿನಲ್ಲಿ ಬಿಯರ್ ಕುಡಿಯುತ್ತ ಕೂತಿತ್ತಾದ್ದರಿಂದ ಎರಡು ನಿಮಿಷದಲ್ಲಿ ಬಂತು. ನಾಲ್ಕು ಜನ ಹತ್ತಿ ಕಾಲು ಹಿಡಿದು ಎಳೆದರು. ಪ್ಯಾಂಟು ಬಂತು. ಅವರಲ್ಲೊಬ್ಬ ಕಬ್ಬಿಣ ಕತ್ತರಿಸುವ ಯಂತ್ರ ತರಲು ಹೊರಟಾಗ ಮಿಲಾದಾ ಸೌಟು ಹಿಡಿದು ಅಡ್ಡ ನಿಂತಳು.

"ವಿಮಾನ ಮುಟ್ಟೀರಿ ಜೋಕೆ. ಕತ್ತರಿಸ್ಲೇಬೇಕು ಅಂದ್ರೆ ಅವನ್ನ ಕತ್ತರಿಸಿ."

ನಾನು ದ್ರಾಹುಶೆಗೆ ಫೋನ್ ಮಾಡಿದೆ. ಅವಳು ಸಮಾಧಾನವಾಗಿ ಕೇಳಿಸಿಕೊಂಡು, "ಉಸಿರಾಡ್ತಿದಾನಾ?" ಎಂದಳು.

"ಬೈತಿದಾನೆ."

"ಹಾಗಾದ್ರೆ ಚೆನ್ನಾಗಿದಾನೆ." ಅಷ್ಟು ಹೇಳಿ ಅವಳು ನೇರ ಕರ್ನಲ್ ವ್ರಾನಾಗೆ ಫೋನ್ ಮಾಡಿದಳಂತೆ. "ನಿಮ್ಮ ಗೆರೆ ಹುಡುಕೋಕೆ ಹೋದ ನನ್ನ ಗಂಡ ನಿಮ್ಮ ವಿಮಾನದೊಳಗೆ ತಲೆಕೆಳಗಾಗಿ ನಿಂತಿದಾನೆ. ಬಂದು ಬಿಡಿಸಿಕೊಡಿ."

ಅರ್ಧ ಗಂಟೆಯಲ್ಲಿ ಕರ್ನಲ್ ತಮ್ಮ ಹಳೆ ಕಾರಿನಲ್ಲಿ ಬಂದಿಳಿದರು. ಕಾಲಲ್ಲಿ ಮನೆಯ ಚಪ್ಪಲಿ ಹಾಗೇ ಇತ್ತು. ಎಪ್ಪತ್ತಮೂರು ವಯಸ್ಸಿನ ಮನುಷ್ಯ ಏಣಿಯನ್ನು ನೋಡದೆಯೇ ಹತ್ತಿದರು, ತಮ್ಮ ಮನೆಯ ಮಹಡಿ ಹತ್ತಿದಂತೆ.

"ಕುಬೀಚೆಕ್‌ರೇ, ಕೇಳಿಸ್ತಾ?"

"ಫೋನಿಗಿಂತ ಚೆನ್ನಾಗಿ ಕೇಳಿಸ್ತಿದೆ."

"ಪ್ರತಿ ಪೆಡಲಿನ ಪಕ್ಕ ಒಂದು ಚಿಲಕ ಇದೆ. ಎಡಗೈ ಬೆರಳಿಂದ ತಡವಿ. ಸಿಕ್ತಾ? ಒತ್ತಿ ಹಿಡಿದು ಪೆಡಲನ್ನ ಮುಂದಕ್ಕೆ ದೂಡಿ. ಕಾಲು ಉದ್ದ ಇರೋ ಪೈಲಟ್‌ಗಳಿಗೆ ಅಂತ ಮಾಡಿದ್ದು ಅದು."

ಕಟಕ್ಕೆಂದಿತು. ಇನ್ನೊಂದು ಕಡೆಯೂ ಕಟಕ್ಕೆಂದಿತು. ನಾಲ್ಕು ಜನ ಮತ್ತೆ ಎಳೆದರು. ಈ ಸಲ ಮನುಷ್ಯ ಬಂದ. ಮುಖ ಬೀಟ್‌ರೂಟ್ ಆಗಿತ್ತು, ಮೈಮೇಲೆ ಅಂಗಿ, ಕಾಲುಚೀಲ, ಹಸಿರು ಪಟ್ಟೆಯ ಚಡ್ಡಿ. ಹೋಟೆಲಿನ ಗಿರಾಕಿಗಳೆಲ್ಲ ಬಿಯರ್ ಲೋಟ ಹಿಡಿದು ಸುತ್ತ ನಿಂತಿದ್ದರು. ಲೋಯ್ಜಾ ಯಾರನ್ನೂ ಲೆಕ್ಕಿಸದೆ ಕರ್ನಲ್ ಕಡೆ ಬೆರಳು ತೋರಿಸಿದ.

"ಇಪ್ಪತ್ಮೂರು ಮಿಲಿಮೀಟರ್. ಎಡಕ್ಕೆ."

"ಸಾಧ್ಯವಿಲ್ಲ," ಎಂದರು ಕರ್ನಲ್.

"ಕೂತು ನೋಡಿ. ನಿಮಗೆ ಜಾಗ ಸಾಲುತ್ತೆ."

ಕರ್ನಲ್ ಒಳಗೆ ಕಾಲಿಟ್ಟು ಸೀಟಿನಲ್ಲಿ ಕೂತರು. ಕೈಗಳು ತಾವಾಗಿಯೇ ಒಂದೊಂದು ಜಾಗಕ್ಕೆ ಹೋದವು, ಎಡಗೈ ಒಂದು ಹಿಡಿಗೆ, ಬಲಗೈ ನಡುವಿನ ಕೋಲಿಗೆ. ಆಮೇಲೆ ಕೋಲನ್ನು ಮೆಲ್ಲಗೆ ಬಿಳಿ ಗೆರೆಯ ನೇರಕ್ಕೆ ದೂಡಿದರು. ಕೋಲು ನಡುವಿನಿಂದ ಎಡಕ್ಕೆ ವಾಲಿ ನಿಂತದ್ದು ಏಣಿಯ ಮೇಲಿದ್ದ ನನಗೂ ಕಂಡಿತು.

"ಇದನ್ನ ನಾನು ಎರಡು ಬೇಸಿಗೆ ಹಾರಿಸಿದೀನಿ," ಎಂದರು ಕರ್ನಲ್. ದನಿ ತೀರ ಸಣ್ಣಗಾಗಿತ್ತು. "ಈ ಗೆರೆ ನೋಡಿಲ್ಲ ನಾನು. ಇದೆ ಅಂತ ಗೊತ್ತಿತ್ತು, ಹಾಗಾಗಿ ಯಾವತ್ತೂ ನೋಡಿಲ್ಲ."

ಅವರೇ ಮುಂದುವರಿಸಿದರು. ಸಾವಿರದ ಒಂಬೈನೂರ ಎಪ್ಪತ್ನಾಲ್ಕರಲ್ಲಿ, ಇದೇ ಜಾತಿಯ ಇನ್ನೊಂದು ವಿಮಾನದಲ್ಲಿ, ಒಂಬತ್ತು ಸಾವಿರ ಮೀಟರಿನಿಂದ ಬುಗುರಿಯಾಗಿ ಬಿದ್ದಿದ್ದರಂತೆ. ಭೂಮಿ ಯಾವುದು, ಆಕಾಶ ಯಾವುದು ಗೊತ್ತಿಲ್ಲ. ಕೋಲನ್ನು ಗೆರೆಗೆ ದೂಡಿ ಹಿಡಿದು ತಾಯಿಯ ಹೆಸರು ಹೇಳುತ್ತ ಕೂತರಂತೆ. ಮೂರು ಸಾವಿರದಲ್ಲಿ ವಿಮಾನ ಸರಿಹೋಯಿತು. ಇಳಿದು ಬಂದು ಹೆಂಡತಿಗೆ ಹೇಳಲಿಲ್ಲ. ಆಕೆ ಸಾಯುವವರೆಗೂ ಹೇಳಲಿಲ್ಲ.

"ಆವತ್ತು ನಂಗೆ ಕೊಡಬೇಕಾಗಿದ್ದು ಇದನ್ನೇ," ಎಂದರು. "ಇದರ ರೇಡಿಯೊ ಕೆಟ್ಟಿತ್ತು. ಬೇರೇದು ಕೊಟ್ರು."

ಮಿಲಾದಾ ಕೆಳಗಿನಿಂದ, "ಇದರಲ್ಲೇ ಬಿದ್ದಿದ್ರೆ ನನ್ನ ಹೋಟೆಲ್ ಹಿಂದೆ ನಿಲ್ಸೋಕೆ ವಿಮಾನಾನೇ ಇರ್ತಿರ್ಲಿಲ್ಲ," ಎಂದಳು. ಕರ್ನಲ್ ಅವಳನ್ನು ದಿಟ್ಟಿಸಿ ನೋಡಿದರು. ಮರುಕ್ಷಣ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ನಗು ನಿಲ್ಲದೆ ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. ಅದೆಷ್ಟು ನಗೆಯ ನೀರು, ಎಷ್ಟು ಬೇರೆಯದು ಎಂದು ನಾವು ವಿಚಾರಿಸಲು ಹೋಗಲಿಲ್ಲ.

ಗೆರೆ ಓರೆಯಾದದ್ದು ಹೇಗೆ? ರಿಪೇರಿಗೆ ಹೋದಾಗ ಫಲಕಕ್ಕೆ ಹೊಸ ಬಣ್ಣ ಬಳಿದಿರಬೇಕು, ಬಳಿದವನು ಕಣ್ಣಳತೆಯಲ್ಲಿ ಗೆರೆ ಎಳೆದಿರಬೇಕು ಎಂದರು ಕರ್ನಲ್. "ಸೋಮವಾರ ಬೆಳಿಗ್ಗೆ, ಭಾನುವಾರದ ಬಿಯರ್ ಇಳಿಯೋ ಮುಂಚೆ," ಎಂದು ಅಗ್ನಿಶಾಮಕದವನೊಬ್ಬ ಸೇರಿಸಿದ. ಅದನ್ನು ಎಲ್ಲರೂ ಒಪ್ಪಿದರು.

ಲೋಯ್ಜಾ ಗೆದ್ದಿದ್ದ. ಗೆದ್ದವನಂತೆ ಮೆರೆಯುತ್ತಾನೆಂದು ನಾನು ಕಾದೆ. ಅವನು ಪ್ಯಾಂಟು ಹುಡುಕಿ ಹಾಕಿಕೊಂಡು, ಏಣಿಯ ಕೆಳಗೆ ನಿಂತು ಕರ್ನಲ್‌ಗೆ ಕೈಕೊಟ್ಟು ಇಳಿಸಿಕೊಂಡ. ಅವರ ಬಾಯಿಯನ್ನು ಒಮ್ಮೆ ನೋಡಿ, "ಕೆಳಗಿನ ಸೆಟ್ಟು ಸಡಿಲ ಆಗಿದೆ, ನಕ್ಕಾಗ ಗೊತ್ತಾಯ್ತು. ನಾಳೆ ಬನ್ನಿ, ಸರಿಮಾಡಿಕೊಡ್ತೀನಿ," ಎಂದ. ಅವನ ನಾಲಗೆಯಿಂದ ನಾನು ಕೇಳಿದ ಅತ್ಯಂತ ಪ್ರೀತಿಯ ಮಾತು ಅದೇ.

ಮರುದಿನ ಹೋದ ಕರ್ನಲ್ ಮಂಗಳವಾರ ಮತ್ತೆ ಹೋದರು, ಆಮೇಲೆ ಪ್ರತಿ ಮಂಗಳವಾರ ಹೋದರು. ತೀರ್ಪುಗಾರರ ಕೆಲಸ ಬಿಟ್ಟರು. ದ್ರಾಹುಶೆಗೆ ಅವರೆಂದರೆ ಇಷ್ಟ, ಏಕೆಂದರೆ ಅವರು ಟೊಮ್ಯಾಟೊ ಹೊಗಳುತ್ತಿದ್ದರು. ಲೋಯ್ಜಾ ಕಾಕ್‌ಪಿಟ್‌ನ ಬಣ್ಣ ಕೆರೆದು ಹದಿನಾಲ್ಕನೇ ಬಿಲ್ಲೆಯ ಬಣ್ಣ ಬಳಿದ. ಗೆರೆ ಇದ್ದಲ್ಲೇ ಇತ್ತು. ಮುಂದಿನ ವರ್ಷ ಬ್ರನೋ ನಗರದಿಂದ ಬಂದ ಹೊಸ ತೀರ್ಪುಗಾರ ಟಾರ್ಚು ಬಿಟ್ಟು ನೋಡಿ, ಗೆರೆ ಓರೆ ಎಂದು ಅಂಕ ಕಳೆದ. ಅವನ ಮೇಲೆ ಮೊದಲು ಕೂಗಾಡಿದ್ದು ಕರ್ನಲ್. ಲೋಯ್ಜಾ ಅವರ ತೋಳು ಹಿಡಿದು ಹಿಂದಕ್ಕೆಳೆಯಬೇಕಾಯಿತು.

ಆಮೇಲೆ ಕರ್ನಲ್‌ಗೂ ಒಂದು ವಿಮಾನ ಅಂಟಿಸುವ ಹುಚ್ಚು ಹತ್ತಿತು. ಕೈ ನಡುಗುತ್ತದೆ, ಅಂಟು ಎಲ್ಲೆಂದರಲ್ಲಿ ಸುರಿಯುತ್ತದೆ. ಹದಿನಾರು ವರ್ಷ ಅದೇ ಜಾತಿಯ ವಿಮಾನ ಹಾರಿಸಿದ ಮನುಷ್ಯ ಅದರ ಎರಡು ರೆಕ್ಕೆಗಳನ್ನೂ ಮೇಲುಕೆಳಗು ಮಾಡಿ ಅಂಟಿಸಿದರು.

"ಇದು ಹಾರಲ್ಲ ಸಾಹೇಬ್ರೇ," ಎಂದ ಲೋಯ್ಜಾ.

"ಹಾರಿ ಏನಾಗ್ಬೇಕಾಗಿದೆ?" ಎಂದು ಕರ್ನಲ್ ಅದನ್ನು ಟಿವಿಯ ಪಕ್ಕ ಇಟ್ಟುಕೊಂಡರು. ಈಗಲೂ ಅಲ್ಲೇ ಇದೆ.