ಸೋಲುವವರ ಪಾಠ

ನಮ್ಮ ಮೇಷ್ಟ್ರು ಹಳೆಯ ಜಪಾನಿ ಸಾಹಿತ್ಯದ ಪ್ರೊಫೆಸರಾಗಿ ನಿವೃತ್ತರಾದವರು. ಓಕ್ಲ್ಯಾಂಡಿನ ಚರ್ಚೊಂದರ ಹಿಂದಿನ ಹಾಲ್‌ನಲ್ಲಿ ಶನಿವಾರ ಬೆಳಿಗ್ಗೆ ಜಪಾನಿನ ಕತ್ತಿವರಸೆ ಕಲಿಸುತ್ತಿದ್ದರು. ಕತ್ತಿ ಮರದ್ದು, ಪೆಟ್ಟು ಮಾತ್ರ ನಿಜವಾದದ್ದು. ಅವರ ಪರಂಪರೆಯಲ್ಲಿ ಪ್ರತಿ ವರಸೆಗೂ ಇಬ್ಬರು ಬೇಕು. ಒಬ್ಬರು ಗೆಲ್ಲಬೇಕು, ಒಬ್ಬರು ಸೋಲಬೇಕು. ಸೋಲುವ ಕಡೆ ಯಾವಾಗಲೂ ಗುರುವಿನದು. ಸರಿಯಾದ ಕ್ಷಣದಲ್ಲಿ ದಾರಿ ತೆರೆದುಕೊಟ್ಟು ಶಿಷ್ಯನಿಂದ ಕಡಿಸಿಕೊಳ್ಳುವುದೇ ಅಲ್ಲಿ ಕಲಿಸುವುದು.

ಸ್ಟಾಕು ಏರುತ್ತಿದ್ದ ಕಾಲದಲ್ಲಿ ಹಾಲ್ ತುಂಬ ಇಂಜಿನಿಯರುಗಳು. ಪೇಜರ್ ಕೂಗಿದರೆ ವರಸೆಯ ನಡುವೆಯೇ ಓಡುವರು. ಕಂಪನಿಗಳು ಮಗುಚಿದ ಮೇಲೆ ಒಬ್ಬೊಬ್ಬರೇ ಊರು ಬಿಟ್ಟರು, ಉಳಿದವಳು ನಾನೊಬ್ಬಳೇ. ಆಮೇಲೆ ನನ್ನ ಕೆಲಸವೂ ಹೋಯಿತು. ವೀಸಾ ಕೆಲಸಕ್ಕೆ ಅಂಟಿಕೊಂಡಿದ್ದು. ಬೇಗನೆ ಬೆಂಗಳೂರಿಗೆ ಮೂಟೆ ಕಟ್ಟಬೇಕಿತ್ತು.

ವಿಷಯ ಹೇಳಿದಾಗ ಮೇಷ್ಟ್ರು ಕೈಯಲ್ಲಿದ್ದ ಮರದ ಕತ್ತಿ ಕೆಳಗಿಟ್ಟರು. ಆಮೇಲೆ, "ನಿನಗೆ ಗೆಲ್ಲೋದು ಮಾತ್ರ ಗೊತ್ತು. ಅಷ್ಟರಿಂದ ಯಾರಿಗೂ ಕಲಿಸಕ್ಕಾಗಲ್ಲ. ನಾಳೆಯಿಂದ ದಿನಾ ಬಾ" ಎಂದರು.

"ನೀವು ಈ ವರಸೆಗಳ ಬಗ್ಗೆ ಪುಸ್ತಕ ಬರೆದಿದೀರಲ್ಲ" ಎಂದೆ.

"ಬರೆದವನೇ ಹೇಳ್ತಿದೀನಿ. ಇದು ಪುಸ್ತಕದಿಂದ ಬರಲ್ಲ."

ದಿನಾ ಮಿಲ್ಪಿಟಾಸಿನ ನಮ್ಮ ಮನೆಯಿಂದ ಫ್ರೀವೇ ಹಿಡಿದೆ. ಅರ್ಧ ತುಂಬಿದ ಪೆಟ್ಟಿಗೆಗಳ ನಡುವೆ ನಿಂತು ನನ್ನ ಗಂಡ, "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ಪ್ಯಾಕಿಂಗು ಆಗಿಲ್ಲ, ಕಾರ್ ಮಾರಿಲ್ಲ, ನೀನು ಸೋಲೋದು ಕಲಿಯಕ್ಕೆ ಓಕ್ಲ್ಯಾಂಡಿಗೆ ಹೋಗ್ತೀಯಾ? ಇಲ್ಲೇ ಸೋತಿದೀವಲ್ಲ, ಸಾಲದಾ?" ಎಂದ. ನಗಬೇಕೆನಿಸಿತು, ನಗು ಬರಲಿಲ್ಲ.

ಸೋಲುವುದು ಸುಲಭವಲ್ಲ. ಕತ್ತಿ ಬಂದಾಗ ನನ್ನ ಕೈ ತಾನಾಗಿ ತಡೆಯುತ್ತಿತ್ತು. "ನೀನು ತಡೆದರೆ ಎದುರಿಗಿರೋರು ಏನು ಕಲೀತಾರೆ?" ಎಂದು ಮೇಷ್ಟ್ರು ಗದರುವರು. ಹೊಡೆಯುವ ಕಡೆ ಈಗ ಅವರದು. ಎಂಬತ್ತರ ಹತ್ತಿರದ ಜೀವ, ಭುಜ ಸವೆದಿತ್ತು. ನಿಲ್ಲಿಸೋಣ ಎಂದರೆ "ಇನ್ನೊಂದು" ಎನ್ನುವರು. ದಿನಗಳು ಮುಗಿಯುತ್ತಿದ್ದವು, ವರಸೆಗಳು ಮುಗಿಯುತ್ತಿರಲಿಲ್ಲ. ಕಾರಿನಲ್ಲಿ ಕೂತು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ.

ಹೊರಡುವ ಹಿಂದಿನ ದಿನ ಅವರ ಭುಜ ಮೇಲೇಳಲೇ ಇಲ್ಲ. ಮತ್ತೆ ಮತ್ತೆ ಎತ್ತಿದರು. ಕತ್ತಿ ಎದೆಯ ಮಟ್ಟ ದಾಟಲಿಲ್ಲ. ಕೊನೆಯ ಕೆಲವು ವರಸೆಗಳಲ್ಲಿ, ಪರಂಪರೆಯ ತಿರುಳೇ ಎನ್ನುವಂಥವುಗಳಲ್ಲಿ, ಸೋಲುವ ಕಡೆ ನಾನು ಕಲಿಯದೆ ಉಳಿಯಿತು. ಅವರು ನೆಲದ ಮೇಲೆ ಕುಸಿದು ಕುಳಿತು, "ನಮ್ಮ ಗುರುಗಳಿಗೆ ನಾನೇನು ಹೇಳಲಿ" ಎಂದರು. ಅವರ ಕಾಲು ಮುಟ್ಟಿದೆ.

ಮರುವರ್ಷ ಅವರು ತೀರಿಕೊಂಡರು. ಈಗ ಬೆಂಗಳೂರಿನ ನಮ್ಮ ತಾರಸಿಯ ಮೇಲೆ ಒಂದಿಬ್ಬರು ಹುಡುಗಿಯರು ನನ್ನಿಂದ ಕಲಿಯುತ್ತಾರೆ. ಅವರಲ್ಲಿ ಒಬ್ಬಳು ಬಲು ಚುರುಕು, ನಾನು ಕೊಟ್ಟದ್ದನ್ನೆಲ್ಲ ಕಲಿತು ಮುಗಿಸಿದಳು. ಮೊನ್ನೆ, "ಮುಂದಿಂದು ಹೇಳ್ಕೊಡಿ ಮಿಸ್" ಎಂದಳು.

"ಮುಂದೆ ಇಲ್ಲಮ್ಮ, ಇಷ್ಟೇ" ಎಂದೆ. ಇದೆ. ಅದರಲ್ಲಿ ನಾನು ಗೆಲ್ಲಬಲ್ಲೆ. ಅವಳೆದುರು ಸೋಲುವುದು ನನಗೆ ಬರುವುದಿಲ್ಲ.